ಕ್ರಿಸ್‌ಮಸ್ ರಜೆಗೆ ಎರಿ ಸರೋವರದ ದಂಡೆಯ ರಸ್ತೆ: ಕ್ಲೀವ್‌ಲ್ಯಾಂಡ್‌ನಿಂದ ರಾಚೆಸ್ಟರ್‌ಗೆ ಕಾರಿನಲ್ಲಿ ಹೋಗುವುದೋ, ಬೇಡವೋ?

ಸಾಗರದವ

ನಾವು ಒಹಾಯೋದಲ್ಲಿ, ಕ್ಲೀವ್‌ಲ್ಯಾಂಡ್‌ಗೆ ಸಮೀಪದಲ್ಲಿ ಇರುವವರು. ನನ್ನ ಹೆಂಡತಿಯ ತಂಗಿಯ ಮನೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದೆ. ದಸರಾ, ದೀಪಾವಳಿಗಳು ವಾರದ ನಡುವೆ ಬಂದು ಹೋಗುತ್ತವೆ. ಎರಡೂ ಮನೆಯ ಮಕ್ಕಳಿಗೆ ಮತ್ತು ದೊಡ್ಡವರಿಗೆ ಒಟ್ಟಿಗೆ ರಜೆ ಸಿಗುವುದು ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ವಾರದಲ್ಲಿ ಮಾತ್ರ. ಹಾಗಾಗಿ ನಮ್ಮ ಕುಟುಂಬದ ನಿಜವಾದ ಹಬ್ಬ ಡಿಸೆಂಬರ್ ಕೊನೆಯಲ್ಲೇ ನಡೆಯುತ್ತದೆ.

2022ರಲ್ಲಿ ಊರಿನಿಂದ ನನ್ನ ಅಪ್ಪ ಅಮ್ಮ ಬಂದಿದ್ದರು. ಡಿಸೆಂಬರ್ 23ರಂದು ಚಳಿಗಾಳಿ ಬರುತ್ತದೆ ಎಂಬ ಸುದ್ದಿ ಇದ್ದುದರಿಂದ, ಅದು ಬರುವ ಮೊದಲೇ ರಾಚೆಸ್ಟರ್ ತಲುಪಿಬಿಡೋಣ ಎಂದು ನಡುರಾತ್ರಿ ಕಳೆದ ಮೇಲೆ, ಸಣ್ಣ ಮಳೆಯಲ್ಲಿ ಐ-90 ಹೆದ್ದಾರಿ ಹಿಡಿದೆವು. ಪೆನ್ಸಿಲ್ವೇನಿಯಾದ ಎರಿ ಪಟ್ಟಣದ ಆಸುಪಾಸಿನಲ್ಲಿ ಗಾಳಿ ನಮ್ಮನ್ನು ಹಿಂದಿನಿಂದ ಹಿಡಿಯಿತು. ಒದ್ದೆ ರಸ್ತೆ ನೋಡನೋಡುತ್ತಿದ್ದಂತೆ ಗಾಜಾಯಿತು, ವೈಪರಿನ ಮೇಲೆ ಮಂಜುಗಡ್ಡೆ ಕಟ್ಟಿತು, ಮುಂದಿನ ಲಾರಿಯ ಕೆಂಪು ದೀಪವೂ ಕಾಣದಾಯಿತು. ನ್ಯೂಯಾರ್ಕ್ ಗಡಿ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಇಳಿದು, ಒಂದು ಸಣ್ಣ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರ ಸಭಾಂಗಣದಲ್ಲಿ ಆಶ್ರಯ ಪಡೆದೆವು. ಅಮ್ಮನ ಮಾತ್ರೆಗಳು ಡಿಕ್ಕಿಯೊಳಗಿನ ಸೂಟ್‌ಕೇಸಿನಲ್ಲಿದ್ದವು. ಡಿಕ್ಕಿಯ ಬಾಗಿಲು ಹೆಪ್ಪುಗಟ್ಟಿ ತೆರೆಯಲೊಲ್ಲದು. ಆ ಊರಿನವರು ಕಂಬಳಿ, ಬ್ರೆಡ್, ಕಡಲೆಕಾಯಿ ಬೆಣ್ಣೆ ಎಲ್ಲವನ್ನೂ ಕೊಟ್ಟು ನೋಡಿಕೊಂಡರು. ಕ್ರಿಸ್‌ಮಸ್ ಅಲ್ಲೇ ಕಳೆಯಿತು, ರಾಚೆಸ್ಟರ್ ಮುಟ್ಟಲೇ ಇಲ್ಲ.

ಈ ಡಿಸೆಂಬರಿನಲ್ಲಿ ಅಪ್ಪ ಅಮ್ಮ ಮತ್ತೆ ಬರುತ್ತಿದ್ದಾರೆ. ಅದೇ ರಸ್ತೆಯಲ್ಲಿ ಹೋಗಬಹುದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಂಥ ಬಿರುಗಾಳಿ ಪ್ರತಿ ವರ್ಷ ಬರುವಂಥದ್ದಲ್ಲ. ದಕ್ಷಿಣದ ಸುತ್ತು ದಾರಿ ಹಿಡಿಯೋಣ ಎಂಬುದು ಹೆಂಡತಿಯ ವಾದ. ಮನೆಯಲ್ಲೇ ಇರೋಣ ಎಂದು ಅಪ್ಪ ಫೋನಿನಲ್ಲಿ ಹೇಳುತ್ತಿದ್ದಾರೆ. ಈ ರಸ್ತೆಯನ್ನು ಬಲ್ಲವರು ಏನು ಹೇಳುತ್ತೀರಿ?

ಬಫಲೋ ಅಕ್ಕ

ನಾನು ಆ ವಾರ ನಿಮ್ಮ ದಾರಿಯಲ್ಲೇ, ಎರಿಗೂ ರಾಚೆಸ್ಟರ್‌ಗೂ ನಡುವೆ ಬರುವ ಬಫಲೋದಲ್ಲೇ ಇದ್ದೆ, ಆದ್ದರಿಂದ "ಚಳಿಗಾಳಿ ಬರುತ್ತದೆ ಎಂಬ ಸುದ್ದಿ" ಎಂಬ ನಿಮ್ಮ ಮಾತನ್ನು ಸುಮ್ಮನೆ ಬಿಡಲಾರೆ. ಅದು ಬರಿಯ ಸುದ್ದಿಯಾಗಿರಲಿಲ್ಲ. ಇಲ್ಲಿನ ಹವಾಮಾನ ಕಚೇರಿ ದಿನಗಳ ಮೊದಲೇ ಇದು ಒಂದು ತಲೆಮಾರಿಗೆ ಒಮ್ಮೆ ಬರುವಂಥ ಬಿರುಗಾಳಿ ಎಂದು ಬರೆದಿತ್ತು. ವಿಮಾನ ನಿಲ್ದಾಣದಲ್ಲಿ ಹಿಮಬಿರುಗಾಳಿಯ ಸ್ಥಿತಿ ಸತತ 37 ಗಂಟೆ ಮುಂದುವರಿಯಿತು, ಗಾಳಿಯ ವೇಗ ಗಂಟೆಗೆ 110 ಕಿಲೋಮೀಟರನ್ನು ಮೀರಿತು, ಒಟ್ಟು 50 ಅಂಗುಲಕ್ಕೂ ಹೆಚ್ಚು ಹಿಮ ಬಿತ್ತು. ಬಫಲೋ ಮತ್ತು ಅದರ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಕೆಲವರು ತಮ್ಮ ಕಾರುಗಳೊಳಗೇ ಸಿಕ್ಕರು. ನೀವು ಹೆದ್ದಾರಿ ಬಿಟ್ಟು ಇಳಿದದ್ದು ಒಳ್ಳೆಯ ನಿರ್ಧಾರ. ಇನ್ನೂ ಒಂದು ಗಂಟೆ ಮುಂದುವರಿದಿದ್ದರೆ ನಮ್ಮ ಊರಿನೊಳಗೆ ಸಿಕ್ಕಿಕೊಳ್ಳುತ್ತಿದ್ದಿರಿ, ಮತ್ತು ಅಲ್ಲಿ ಅಗ್ನಿಶಾಮಕ ವಾಹನಗಳೇ ಹೂತುಹೋಗಿದ್ದವು.

ಸಾಗರದವ

ಅಕ್ಕ, ಎಚ್ಚರಿಕೆ ಇತ್ತು ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಇಲ್ಲಿ ಪ್ರತಿ ಚಳಿಗಾಲದಲ್ಲೂ ಫೋನು ಹತ್ತಾರು ಸಲ ಕೂಗುತ್ತದೆ, ಅವುಗಳಲ್ಲಿ ಬಹುಪಾಲು ಎರಡು ಅಂಗುಲ ಹಿಮದಲ್ಲಿ ಮುಗಿಯುತ್ತವೆ. ಅಲ್ಲದೆ ಬಫಲೋ ಇರುವ ಎರಿ ಕೌಂಟಿಯವರು ವಾಹನ ಸಂಚಾರವನ್ನು ನಿಷೇಧಿಸಿದ್ದು 23ರ ಬೆಳಿಗ್ಗೆ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಜನರೆಲ್ಲ ಕೆಲಸಕ್ಕೆ ಹೊರಟಾಗಿತ್ತು. ಆಡಳಿತದವರೇ ಅಷ್ಟು ತಡಮಾಡಿದ ಮೇಲೆ, ನಡುರಾತ್ರಿ ಹೊರಟವನನ್ನು ಏಕೆ ದೂರುವುದು?

ಬಫಲೋ ಅಕ್ಕ

ನಿಷೇಧ ತಡವಾಯಿತೆಂಬ ಟೀಕೆ ಇಲ್ಲಿಯೂ ಬಹಳ ಬಂತು, ಮತ್ತು ಅದು ನ್ಯಾಯವಾದ ಟೀಕೆಯೇ. ಆದರೆ ನಿಷೇಧವಿಲ್ಲ ಎಂದರೆ ಹೋಗಬಹುದು ಎಂದು ಅರ್ಥವಲ್ಲ. ಅದೇ ದಿನ ನಿಮ್ಮದೇ ಒಹಾಯೋ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿಯಲ್ಲಿ, ಸ್ಯಾಂಡಸ್ಕಿಯ ಬಳಿ, ನಲವತ್ತಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ ನಾಲ್ವರು ಸತ್ತರು. ಅಲ್ಲಿ ಬಫಲೋದಷ್ಟು ಹಿಮವೇನೂ ಇರಲಿಲ್ಲ. ಬೀಸುವ ಹಿಮದಿಂದ ದಾರಿ ಕಾಣದಿದ್ದುದೇ ಸಾಕಾಯಿತು.

ಟೈರುಪ್ರಿಯ

ಯಾವ ಟೈರು ಎಂದು ಯಾರೂ ಕೇಳಲಿಲ್ಲವಲ್ಲ?

ಸಾಗರದವ

ವರ್ಷವಿಡೀ ಬಳಸುವ ಆಲ್ ಸೀಸನ್ ಟೈರು, ಆದರೆ ಕಾರು ಆಲ್ ವೀಲ್ ಡ್ರೈವ್. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ.

ಟೈರುಪ್ರಿಯ

ನಾನು ಇದೇ ಉತ್ತರವನ್ನು ನಿರೀಕ್ಷಿಸಿದ್ದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವುದರಿಂದ ಕಾರು ಹೊರಡಲು ಅನುಕೂಲವಾಗುತ್ತದೆಯೇ ಹೊರತು ನಿಲ್ಲಲು ಅದರಿಂದ ಕಿಂಚಿತ್ತೂ ಸಹಾಯವಿಲ್ಲ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಿಗೇ ಇರುತ್ತದೆ. ನಿಲ್ಲಿಸುವುದು ರಬ್ಬರಿಗೂ ರಸ್ತೆಗೂ ಇರುವ ಹಿಡಿತ. ಆಲ್ ಸೀಸನ್ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ, ಚಳಿಗಾಲದ ಟೈರಿನದು ಮೆದುವಾಗಿಯೇ ಉಳಿಯುತ್ತದೆ. ಆಲ್ ವೀಲ್ ಡ್ರೈವ್ ಇರುವವರು ಸಲೀಸಾಗಿ ವೇಗ ಪಡೆದು, ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಅರಿವಾಗದೆ, ಮೊದಲ ಬ್ರೇಕಿನಲ್ಲೇ ಹಳ್ಳಕ್ಕೆ ಇಳಿಯುತ್ತಾರೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತನ್ನು ನೋಡಿ. ಬರಿಯ 'ಎಂ ಪ್ಲಸ್ ಎಸ್' ಎಂಬ ಅಕ್ಷರಗಳನ್ನು ನಂಬಬೇಡಿ, ಅವು ಹಿಮದ ಪರೀಕ್ಷೆಯಲ್ಲಿ ಗೆದ್ದುದರ ಸಾಕ್ಷಿಯಲ್ಲ.

ಮ್ಯೂನಿಕ್ ಮಾಣಿ

ಜರ್ಮನಿಯಲ್ಲಿ ಇದು ವಾದದ ವಿಷಯವೇ ಅಲ್ಲ, ಕಾನೂನು. ರಸ್ತೆಯ ಮೇಲೆ ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರಿಲ್ಲದೆ ಓಡಿಸಿದರೆ ದಂಡ ಬೀಳುತ್ತದೆ, ಮತ್ತು 2024ರ ಅಕ್ಟೋಬರಿನಿಂದ ಟೈರುಪ್ರಿಯರು ಹೇಳಿದ ಆ ಬೆಟ್ಟದ ಗುರುತಿಗೆ ಮಾತ್ರ ಮಾನ್ಯತೆ.

ಮಾಂಟ್ರಿಯಲ್ ಮಗಳು

ಕ್ವಿಬೆಕ್ಕಿನಲ್ಲಿ ಇನ್ನೂ ಸರಳ: ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ, ಹಿಮ ಬೀಳಲಿ, ಬೀಳದಿರಲಿ. ಪಕ್ಕದ ಒಂಟಾರಿಯೋದಲ್ಲಿ ಆ ಕಡ್ಡಾಯವಿಲ್ಲ, ಹಾಗಾಗಿ ಟೊರಾಂಟೊದ ನೆಂಟರು ನಮ್ಮಲ್ಲಿಗೆ ಬರುವಾಗಲೆಲ್ಲ ಮನೆಯಲ್ಲಿ ಇದೇ ಜಗಳ ನಡೆಯುತ್ತದೆ. ಸಾಗರದವರ ಕತೆಯಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಬೇರೆ. ವಯಸ್ಸಾದವರ ಮಾತ್ರೆಗಳನ್ನು ಡಿಕ್ಕಿಯಲ್ಲಿ ಇಡುವುದು ಯಾವ ಊರಿನ ಪದ್ಧತಿ?

ಸಾಗರದವ

ಅದು ನನ್ನ ತಾಯಿಯ ಪದ್ಧತಿ. ಪ್ರಯಾಣವೆಂದರೆ ಎಲ್ಲವನ್ನೂ ಸೂಟ್‌ಕೇಸಿಗೆ ಹಾಕಿ ಬೀಗ ಹಾಕುವುದು ಎಂಬುದು ಅವರು ಐವತ್ತು ವರ್ಷ ಸಾಗರದಿಂದ ಬಸ್ಸಿನಲ್ಲಿ ಓಡಾಡಿ ಕಲಿತದ್ದು. ಅವರೊಡನೆ ನೀವೇ ಮಾತಾಡಿ.

ಔಷಧದಂಗಡಿ

ನಾನು ಔಷಧಶಾಲೆಯಲ್ಲಿ ಕೆಲಸ ಮಾಡುವವಳು, ಆದ್ದರಿಂದ ಈ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ. ಊರಿನಿಂದ ಬರುವ ತಂದೆ ತಾಯಿಯರಲ್ಲಿ ಅನೇಕರಿಗೆ ಇನ್ಸುಲಿನ್ ಇರುತ್ತದೆ, ಮತ್ತು ಅದನ್ನು ತಣ್ಣಗೆ ಇಡಬೇಕು ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹಾಗಾಗಿ ಚಳಿಗಾಲದ ಪ್ರಯಾಣದಲ್ಲಿ ಡಿಕ್ಕಿಯೇ ಒಳ್ಳೆಯ ಫ್ರಿಜ್ಜು ಎಂದುಕೊಳ್ಳುತ್ತಾರೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ; ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಅದನ್ನು ಬಳಸಬಾರದು, ಎಸೆಯಬೇಕು. ಅದು ಮೈಗೆ ಹತ್ತಿರ, ಕೋಟಿನ ಒಳಜೇಬಿನಲ್ಲಿ ಇರಲಿ. ಸಕ್ಕರೆ ಅಳೆಯುವ ಯಂತ್ರವೂ ಅತಿ ಚಳಿಯಲ್ಲಿ ಕೆಲಸ ಮಾಡುವುದಿಲ್ಲ, ಅದನ್ನೂ ಬೆಚ್ಚಗಿಡಬೇಕು. ರಕ್ತದೊತ್ತಡದ ಮತ್ತು ಥೈರಾಯಿಡಿನ ಮಾತ್ರೆಗಳನ್ನು ಪ್ರಯಾಣದ ಲೆಕ್ಕಕ್ಕಿಂತ ಕೆಲವು ದಿನ ಹೆಚ್ಚಾಗಿಯೇ ಕೈಚೀಲದಲ್ಲಿ ಇಟ್ಟುಕೊಳ್ಳಿ, ಜೊತೆಗೆ ಔಷಧದ ಮೂಲ ಹೆಸರುಗಳ ಪಟ್ಟಿಯನ್ನು ಬರೆದಿಡಿ. ಭಾರತದ ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲಿಯ ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಹೂನಗರದ ಹಿರಿಯ

ರಾಚೆಸ್ಟರ್‌ನಲ್ಲಿ ಮೂರು ದಶಕಗಳಿಂದ ಇರುವವನಾಗಿ ರಸ್ತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೂಲ ಪ್ರಶ್ನೆ ಅದು.

ಈ ಭಾಗದ ಹಿಮದ ಸ್ವಭಾವವೇ ಬೇರೆ. ಚಳಿಗಾಲದ ಮೊದಲಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಉತ್ತರದ ಶೀತಗಾಳಿ ಹಾದುಹೋಗುವಾಗ ತೇವವನ್ನು ಎತ್ತಿಕೊಂಡು, ದಡ ಸೇರಿದ ಕೂಡಲೇ ಹಿಮವಾಗಿ ಸುರಿಸುತ್ತದೆ. ಎರಿ ಸರೋವರ ನೈರುತ್ಯದಿಂದ ಈಶಾನ್ಯಕ್ಕೆ ಸುಮಾರು 390 ಕಿಲೋಮೀಟರ್ ಉದ್ದಕ್ಕೆ ಚಾಚಿದೆ, ಬಫಲೋ ಅದರ ಪೂರ್ವದ ತುದಿಯಲ್ಲಿದೆ. ನೈರುತ್ಯದ ಗಾಳಿ ಬೀಸಿದರೆ ಇಡೀ ಸರೋವರದ ತೇವ ಒಂದು ಕಿರಿದಾದ ಪಟ್ಟಿಯಾಗಿ ಅಲ್ಲಿಗೆ ಬಂದು ಬೀಳುತ್ತದೆ. ಜಯನಗರದಲ್ಲಿ ಮಳೆ ಸುರಿಯುತ್ತಿರುವಾಗ ಮಲ್ಲೇಶ್ವರದಲ್ಲಿ ಬಟ್ಟೆ ಒಣಗುತ್ತದಲ್ಲ, ಹಾಗೆ ಇಲ್ಲಿ ಒಂದು ಬಡಾವಣೆಯಲ್ಲಿ ಸೊಂಟದವರೆಗೆ ಹಿಮ, ಪಕ್ಕದ ಬಡಾವಣೆಯಲ್ಲಿ ಬಿಸಿಲು. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಊರುಗಳಲ್ಲಿ ಸುಮಾರು ಏಳು ಅಡಿ ಹಿಮ ಬಿದ್ದಾಗ ಉತ್ತರದ ಭಾಗದಲ್ಲಿ ಕೆಲವೇ ಅಂಗುಲ ಇತ್ತು. ಆಗಲೇ ಥ್ರೂವೇಯಲ್ಲಿ, ಅಂದರೆ ನ್ಯೂಯಾರ್ಕ್ ರಾಜ್ಯದ ಐ-90 ಹೆದ್ದಾರಿಯಲ್ಲಿ, ನೂರಾರು ವಾಹನಗಳು ಸಿಕ್ಕಿಕೊಂಡವು. ನಯಾಗರ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ತಮ್ಮ ಬಸ್ಸಿನಲ್ಲಿ ಒಂದು ಇಡೀ ದಿನಕ್ಕಿಂತ ಹೆಚ್ಚು ಹೊತ್ತು ಕುಳಿತಿತ್ತು. ಹಾಗಾಗಿ ಸಾಗರದವರ "ಪ್ರತಿ ವರ್ಷ ಬರುವಂಥದ್ದಲ್ಲ" ಎಂಬ ವಾದ ಅರ್ಧ ಮಾತ್ರ ನಿಜ. 2022ರಂಥದ್ದು ಅಪರೂಪ, ಆದರೆ ಹೆದ್ದಾರಿ ಮುಚ್ಚುವಷ್ಟು ಹಿಮ ಎರಿ ದಂಡೆಯ ಮೇಲೆ ಎಂದು ಬೇಕಾದರೂ ಬೀಳಬಹುದು.

ಇನ್ನು ಆ ಸರೋವರ ಆಳವಿಲ್ಲದ್ದು, ಸರಾಸರಿ 19 ಮೀಟರ್ ಮಾತ್ರ, ಆದ್ದರಿಂದ ಐದೂ ಮಹಾಸರೋವರಗಳಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮೇಲೆ ಈ ಬಗೆಯ ಹಿಮ ಕಡಿಮೆಯಾಗುತ್ತದೆ. ಅಂದರೆ ಫೆಬ್ರವರಿಯಲ್ಲಿ ಈ ರಸ್ತೆ ಡಿಸೆಂಬರಿನಲ್ಲಿದ್ದಷ್ಟು ಕೆಟ್ಟದಾಗಿರುವುದಿಲ್ಲ. ನಿಮ್ಮ ರಜೆ ಬರುವುದು ಸರಿಯಾಗಿ ತಪ್ಪು ತಿಂಗಳಿನಲ್ಲಿ.

ಸಾಗರದವ

ಹಿರಿಯರೇ, ಇದು ಉಪಯುಕ್ತ. ಹಾಗಿದ್ದರೆ ದಕ್ಷಿಣದ ದಾರಿಯ ಬಗ್ಗೆ ಏನು ಹೇಳುತ್ತೀರಿ? ಎರಿ ದಾಟಿದ ಮೇಲೆ ಐ-86 ಹಿಡಿದು, ಜೇಮ್ಸ್‌ಟೌನ್, ಒಲಿಯನ್ ಮೂಲಕ ಪೂರ್ವಕ್ಕೆ ಹೋಗಿ, ಐ-390ರಲ್ಲಿ ಉತ್ತರಕ್ಕೆ ತಿರುಗಿದರೆ ಬಫಲೋವನ್ನು ಮುಟ್ಟದೆಯೇ ರಾಚೆಸ್ಟರ್ ಸೇರಬಹುದು ಎಂದು ನನ್ನ ಹೆಂಡತಿ ನಕ್ಷೆ ಹಿಡಿದು ತೋರಿಸುತ್ತಿದ್ದಾಳೆ.

ಹೂನಗರದ ಹಿರಿಯ

ನಕ್ಷೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಐ-90ರಿಂದ ಐ-86ಕ್ಕೆ ಹೊರಳಿದ ಕೂಡಲೇ ಎರಿ ದಂಡೆಯ ಒಳಗಿನ ಶೊಟಾಕ್ವಾ ಸೀಮೆಯ ದಿಣ್ಣೆಗಳನ್ನು ಹತ್ತಬೇಕು. ಸರೋವರದಿಂದ ಬರುವ ತೇವಗಾಳಿ ಆ ದಿಣ್ಣೆಗೆ ತಾಗಿ ಮೇಲೇರುವಾಗ ಕೆಳಗಿನ ದಂಡೆಗಿಂತ ಹೆಚ್ಚು ಹಿಮ ಸುರಿಸುತ್ತದೆ. ಬಫಲೋ ತಪ್ಪುತ್ತದೆ, ಆದರೆ ಹಿಮದ ಪಟ್ಟಿ ತಪ್ಪುವುದಿಲ್ಲ. ಗಾಳಿ ನೈರುತ್ಯದಿಂದ ಇದ್ದರೆ ಐ-86 ಉತ್ತಮ. ವಾಯವ್ಯದಿಂದ ಇದ್ದರೆ ಆ ದಿಣ್ಣೆಯ ದಾರಿಯೇ ಅಪಾಯ, ದಂಡೆಯ ದಾರಿ ಪರವಾಗಿಲ್ಲ. ಆದ್ದರಿಂದ ಒಂದೇ ದಾರಿಯನ್ನು ಈಗಲೇ ಗೊತ್ತುಮಾಡಿಕೊಳ್ಳಬೇಡಿ. ಹೊರಡುವ ಹಿಂದಿನ ಸಂಜೆ ಗಾಳಿಯ ದಿಕ್ಕು ನೋಡಿ ನಿರ್ಧರಿಸಿ.

ಚಿಂತಾಮಣಿಯ ಚಾಲಕ

ಇಷ್ಟೆಲ್ಲ ಏಕೆ? ಐ-80ರಲ್ಲಿ ಪೆನ್ಸಿಲ್ವೇನಿಯಾದ ನಡುವೆ ಹೋಗಿ, ವಿಲಿಯಮ್ಸ್‌ಪೋರ್ಟಿನಿಂದ ಉತ್ತರಕ್ಕೆ ತಿರುಗಿ, ಕಾರ್ನಿಂಗ್ ಮೇಲೆ ಬರಲಿ. ಸರೋವರದ ಗೊಡವೆಯೇ ಇಲ್ಲ. ನಾನು ಲಾರಿ ಓಡಿಸುವವನು, ಅದು ನನಗೆ ಮನೆಯ ಅಂಗಳವಿದ್ದಂತೆ.

ಹೂನಗರದ ಹಿರಿಯ

ನಾಲ್ಕು ಗಂಟೆಯ ದಾರಿಯನ್ನು ಏಳು ಗಂಟೆ ಮಾಡಿ, ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಕತ್ತಲಲ್ಲಿ ಬೆಟ್ಟ ಹತ್ತಿ ಇಳಿಯುವುದು ಸುರಕ್ಷಿತವೆಂದು ನನಗೆ ಅನಿಸುವುದಿಲ್ಲ. ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ಹಠಾತ್ ಹಿಮದ ಹೊಡೆತ ಬರುತ್ತದೆ. ಹತ್ತು ನಿಮಿಷ ಏನೂ ಕಾಣುವುದಿಲ್ಲ, ಆಮೇಲೆ ಮತ್ತೆ ಬಿಸಿಲು. 2022ರ ಮಾರ್ಚ್ 28ರಂದು ಅದೇ ರಾಜ್ಯದ ಐ-81ರಲ್ಲಿ ಇಂಥದ್ದೇ ಒಂದು ಹೊಡೆತದಲ್ಲಿ ಸುಮಾರು 80 ವಾಹನಗಳು ಗುದ್ದಿಕೊಂಡು ಆರು ಜನ ಸತ್ತರು.

ಚಿಂತಾಮಣಿಯ ಚಾಲಕ

ಒಪ್ಪುತ್ತೇನೆ, ಆ ಅಪಘಾತ ಭೀಕರವಾಗಿತ್ತು. ಆದರೂ ಆ ಹೊಡೆತಗಳಿಗೆ ಈಗ ಫೋನಿಗೇ ಪ್ರತ್ಯೇಕ ಎಚ್ಚರಿಕೆ ಬರುತ್ತದೆ. ಅದು ಬಂದ ಕೂಡಲೇ ಮುಂದಿನ ನಿರ್ಗಮನದಲ್ಲಿ ಇಳಿದು, ಚಹಾ ಕುಡಿದು, ಅರ್ಧ ಗಂಟೆ ಬಿಟ್ಟು ಹೊರಡಬೇಕು. ನಮ್ಮವರಿಗೆ ಇಳಿಯುವುದೇ ಅವಮಾನ. "ಇನ್ನು ನಲವತ್ತು ಮೈಲಿ ತಾನೇ, ಅಡುಗೆ ಆರಿಹೋಗುತ್ತದೆ" ಎಂದು ಹಿಂದಿನ ಸೀಟಿನಿಂದ ಒಂದು ದನಿ ಬಂದರೆ ಚಾಲಕ ವೇಗ ಹೆಚ್ಚಿಸುತ್ತಾನೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮುಂಗಾರಿನಲ್ಲಿ ಇಳಿದವನಿಗೆ ಇದೇನು ಮಹಾ ಎಂಬ ಮಾತನ್ನಂತೂ ನಾನು ಎಷ್ಟು ಸಲ ಕೇಳಿದ್ದೇನೆಯೋ. ಆಗುಂಬೆಯಲ್ಲಿ ಒದ್ದೆ ರಸ್ತೆಯೂ ಟೈರನ್ನು ಹಿಡಿಯುತ್ತದೆ. ಇಲ್ಲಿ ಒದ್ದೆಯಂತೆ ಕಾಣುವ ಕಪ್ಪು ಮಂಜುಗಡ್ಡೆ ಹಿಡಿಯುವುದಿಲ್ಲ. ಸೇತುವೆಗಳ ಕೆಳಗಿನಿಂದಲೂ ಗಾಳಿ ಹಾಯುವುದರಿಂದ ಅವು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಅಲ್ಲಿ ಬ್ರೇಕು ಒತ್ತಬಾರದು, ಸ್ಟೇರಿಂಗ್ ತಿರುಗಿಸಬಾರದು, ಕಾಲು ತೆಗೆದು ನೇರವಾಗಿ ದಾಟಬೇಕು.

ಬೆಂಗಳೂರಿನಿಂದ ಒಬ್ಬ ತಾಯಿ

ನನ್ನ ಮಗಳೂ ಆ ದೇಶದಲ್ಲಿದ್ದಾಳೆ, ಆದ್ದರಿಂದ ಕೇಳುತ್ತಿದ್ದೇನೆ. ರಸ್ತೆಗೆ ಉಪ್ಪು ಹಾಕುತ್ತಾರೆ ಎಂದು ಅವಳು ಹೇಳುತ್ತಾಳೆ. ಉಪ್ಪು ಹಾಕಿದ ಮೇಲೂ ಏಕೆ ಜಾರುತ್ತದೆ? ಇಷ್ಟು ಕಷ್ಟವಿದ್ದರೆ ವಿಮಾನದಲ್ಲಿ ಏಕೆ ಹೋಗಬಾರದು?

ಟೈರುಪ್ರಿಯ

ಅಮ್ಮ, ಉಪ್ಪು ಕೆಲಸ ಮಾಡುವುದು ಸುಮಾರು ಮೈನಸ್ 9 ಡಿಗ್ರಿಯವರೆಗೆ. ಅದಕ್ಕಿಂತ ಕೆಳಗೆ ಅದರ ಶಕ್ತಿ ಬೇಗ ಕುಂದುತ್ತದೆ. ಜೊತೆಗೆ ಮೊದಲು ಮಳೆ ಬಂದು ಆಮೇಲೆ ಚಳಿ ಬಿದ್ದರೆ, ಮುಂಚಿತವಾಗಿ ಹಾಕಿದ ಉಪ್ಪು ಮಳೆಯಲ್ಲಿ ಕೊಚ್ಚಿಹೋಗುತ್ತದೆ.

ವರ್ಜೀನಿಯಾ ವಾಸು

ಮಳೆ ಮೊದಲು, ಹಿಮ ಆಮೇಲೆ: ನಮ್ಮ ಐ-95ರಲ್ಲಿ 2022ರ ಜನವರಿ 3ರಂದು ಆದದ್ದೂ ಅದೇ. ಫ್ರೆಡರಿಕ್ಸ್‌ಬರ್ಗ್ ಬಳಿ ಲಾರಿಗಳು ಅಡ್ಡತಿರುಗಿ, ಸುಮಾರು 50 ಮೈಲಿ ಉದ್ದದ ದಾರಿಯಲ್ಲಿ ನೂರಾರು ವಾಹನಗಳು ರಾತ್ರಿಯಿಡೀ ನಿಂತವು. ರಜೆ ಮುಗಿಸಿ ಮನೆಗೆ ಮರಳುತ್ತಿದ್ದ ಕುಟುಂಬಗಳೇ ಅದರಲ್ಲಿ ಬಹಳ. ಸೆನೆಟರ್ ಟಿಮ್ ಕೇನ್ ಕೂಡ ಅಲ್ಲಿ 27 ಗಂಟೆ ಸಿಕ್ಕಿಕೊಂಡಿದ್ದರು. ಸಾಮಾನ್ಯವಾಗಿ ಅದು ಎರಡು ಗಂಟೆಯ ದಾರಿ. ಮುಂದೆ ನಿಂತಿದ್ದ ಬೇಕರಿಯ ಲಾರಿಯೊಂದರಿಂದ, ಕಂಪನಿಯವರ ಅನುಮತಿ ಪಡೆದು, ಜನ ಬ್ರೆಡ್ ಹಂಚಿಕೊಂಡು ತಿಂದರು. ನಾವಿರುವುದು ವಾಷಿಂಗ್ಟನ್ನಿಗೆ ಹತ್ತಿರದಲ್ಲಿ, ಇಲ್ಲಿ ಹಿಮವೇ ಕಡಿಮೆ ಎಂದು ಬೀಗುತ್ತಿದ್ದವರೆಲ್ಲ ಅಂದಿನಿಂದ ಕಾರಿನಲ್ಲಿ ಕಂಬಳಿ ಇಡುತ್ತಿದ್ದಾರೆ.

ವಿಮಾನದ ಪ್ರಶ್ನೆಗೆ: 2022ರ ಅದೇ ಕ್ರಿಸ್‌ಮಸ್ ವಾರದಲ್ಲಿ ಒಂದು ದೊಡ್ಡ ವಿಮಾನ ಸಂಸ್ಥೆಯ ವೇಳಾಪಟ್ಟಿಯೇ ಕುಸಿದು, ಹತ್ತು ದಿನಗಳಲ್ಲಿ 16,000ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ನಿಲ್ದಾಣದಲ್ಲಿ ಮಲಗುವುದೋ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮಲಗುವುದೋ, ಆಯ್ಕೆ ಅಷ್ಟೇ. ಸಭಾಂಗಣದಲ್ಲಿ ಊಟವಾದರೂ ಪುಕ್ಕಟೆ.

ವಿದ್ಯುತ್ ರಥ

ನನ್ನದು ಎಲೆಕ್ಟ್ರಿಕ್ ಕಾರು. ಚಳಿಯಲ್ಲಿ ಓಡುವ ದೂರ ಕಾಲು ಭಾಗಕ್ಕೂ ಹೆಚ್ಚು ಕುಗ್ಗುವುದನ್ನು ನೋಡಿದ್ದೇನೆ. ಆದರೆ ಸಿಕ್ಕಿಕೊಂಡು ನಿಂತಾಗ ಅದರಲ್ಲಿ ಒಂದು ಅನುಕೂಲವಿದೆ: ಹೊಗೆಯೇ ಇಲ್ಲ.

ಬಫಲೋ ಅಕ್ಕ

ಹೊಗೆಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಈ ಚರ್ಚೆಯಲ್ಲಿ ಟೈರಿಗಿಂತ ಮುಖ್ಯವಾದ ವಿಷಯ ಅದೇ. ಪೆಟ್ರೋಲ್ ಕಾರು ಹಿಮದಲ್ಲಿ ಸಿಕ್ಕಿಕೊಂಡಾಗ ಸೈಲೆನ್ಸರಿನ ಬಾಯಿ ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆ ಬಂದಂತೆ ಅನಿಸುತ್ತದೆ, ಮತ್ತೆ ಏಳುವುದಿಲ್ಲ. ಎಂಜಿನ್ ಹಚ್ಚುವ ಮೊದಲು ಪ್ರತಿ ಸಲವೂ ಯಾರಾದರೂ ಇಳಿದು ಹಿಂದಿನ ಹಿಮವನ್ನು ತೆಗೆಯಬೇಕು, ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಬೇಕು, ಗಾಳಿ ಬೀಸದ ಕಡೆಯ ಕಿಟಕಿಯನ್ನು ಬೆರಳಷ್ಟು ತೆರೆದಿರಬೇಕು. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ದೂರದಲ್ಲಿ ಮನೆಯ ದೀಪ ಕಾಣಿಸಿತೆಂದು ನಡೆದು ಹೊರಡಬಾರದು. 2022ರಲ್ಲಿ ಹಾಗೆ ಹೊರಟು ದಾರಿ ತಪ್ಪಿದವರು ಇದ್ದಾರೆ. ಚಕ್ರದ ಹತ್ತಿರ ನಿಂತವನಿಗೆ ಕಾರಿನ ಇನ್ನೊಂದು ತುದಿ ಕಾಣದಂಥ ಗಾಳಿ ಅದು.

ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ನಯಾಗರ ನೋಡಲು ವ್ಯಾನಿನಲ್ಲಿ ಹೊರಟಿದ್ದ ದಕ್ಷಿಣ ಕೊರಿಯಾದ ಪ್ರವಾಸಿಗಳು ವಿಲಿಯಮ್ಸ್‌ವಿಲ್‌ನಲ್ಲಿ ಸಿಕ್ಕಿಕೊಂಡಾಗ, ಸಲಿಕೆ ಕೇಳಲು ಬಾಗಿಲು ತಟ್ಟಿದವರನ್ನು ಆ ಮನೆಯ ದಂಪತಿ ಒಳಗೆ ಕರೆದು ವಾರಾಂತ್ಯವಿಡೀ ಇಟ್ಟುಕೊಂಡರು; ಆ ಮನೆಯಲ್ಲಿ ಕೊರಿಯಾದ ಅಡುಗೆಯ ಸಾಮಾನು ಇದ್ದುದರಿಂದ ಅತಿಥಿಗಳೇ ಅಡುಗೆ ಮಾಡಿ ಬಡಿಸಿದರು. ಚೀಕ್ಟೊವಾಗಾದಲ್ಲಿ ಒಬ್ಬಾತ ಶಾಲೆಯ ಕಿಟಕಿ ಒಡೆದು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಒಳಗೆ ಸೇರಿಸಿ, ಕ್ಷಮೆ ಕೇಳುವ ಚೀಟಿ ಬರೆದಿಟ್ಟು ಹೋದ.

ಮಾಂಟ್ರಿಯಲ್ ಮಗಳು

ಮಕ್ಕಳಿರುವವರಿಗೆ ಒಂದು ಮಾತು. ಕಾರಿನ ಮಕ್ಕಳ ಸೀಟಿನಲ್ಲಿ ದಪ್ಪ ಜಾಕೆಟ್ ಹಾಕಿ ಬೆಲ್ಟು ಬಿಗಿಯಬಾರದು. ಅಪಘಾತವಾದಾಗ ಜಾಕೆಟ್ಟಿನೊಳಗಿನ ಹತ್ತಿ ಅಮುಕಿ ಬೆಲ್ಟು ಸಡಿಲವಾಗುತ್ತದೆ, ಮಗು ಜಾರಿ ಹೊರಗೆ ಬರುತ್ತದೆ. ತೆಳುವಾದ ಸ್ವೆಟರ್ ಹಾಕಿ, ಬೆಲ್ಟು ಬಿಗಿದು, ಅದರ ಮೇಲೆ ಕಂಬಳಿ ಹೊದಿಸಬೇಕು. ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಹಿಮದಲ್ಲಿ ಓಡಿಸುವುದಕ್ಕಿಂತ ಕಷ್ಟ ಎಂಬುದು ನನಗೆ ಗೊತ್ತಿದೆ.

ಬೇ ಏರಿಯಾ ಬಸವ

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟದ ಮೇಲಿನ ಟಾಹೋ ಸರೋವರಕ್ಕೆ ಹೋಗುವವರ ಕತೆಯೂ ಇದಕ್ಕಿಂತ ಭಿನ್ನವಲ್ಲ. ಡಾನರ್ ಶಿಖರದ ಕಡೆಗೆ ಐ-80ರಲ್ಲಿ ಚೈನ್ ನಿಯಂತ್ರಣಕ್ಕೆ (ಟೈರಿಗೆ ಸರಪಳಿ ಕಟ್ಟಬೇಕೆಂಬ ನಿಯಮಕ್ಕೆ) ಮೂರು ಹಂತಗಳಿವೆ. ಎರಡನೆಯ ಹಂತದಲ್ಲಿ ನಾಲ್ಕು ಚಕ್ರಗಳ ಚಾಲನೆ ಮತ್ತು ಹಿಮದ ಟೈರು ಎರಡೂ ಇದ್ದವರಿಗೆ ವಿನಾಯಿತಿ ಇದೆ, ಮೂರನೆಯದರಲ್ಲಿ ಯಾರಿಗೂ ಇಲ್ಲ. ಆದರೆ ಆ ಹಂತ ಬರುವ ಮೊದಲೇ ರಸ್ತೆಯನ್ನು ಮುಚ್ಚಿಬಿಡುತ್ತಾರೆ. 2021ರ ಕ್ರಿಸ್‌ಮಸ್ ಆದ ಮೇಲೆ ಆ ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಗೂಗಲ್ ನಕ್ಷೆ ತೋರಿಸಿದ ಒಳದಾರಿಗಳಲ್ಲಿ ಹೋಗಿ ಸಿಕ್ಕಿಕೊಂಡವರನ್ನು ಬಿಡಿಸುವುದೇ ಅಲ್ಲಿನವರಿಗೆ ದೊಡ್ಡ ಕೆಲಸವಾಯಿತು. ಹೆದ್ದಾರಿ ಮುಚ್ಚಿದೆ ಎಂದರೆ ಹಳ್ಳಿಯ ರಸ್ತೆ ತೆರೆದಿದೆ ಎಂದು ಅರ್ಥವಲ್ಲ, ಅದನ್ನು ಮುಚ್ಚಲು ಯಾರೂ ಬಂದಿಲ್ಲ ಎಂದಷ್ಟೇ ಅರ್ಥ.

ಸಾಗರದವ

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಊಟದ ಬಗ್ಗೆ ಯಾರೂ ಬರೆಯಲಿಲ್ಲ ಎಂದು ಅಮ್ಮನಿಗೆ ಅಸಮಾಧಾನ. ಅಂದು ಚಿತ್ರಾನ್ನ, ಮೊಸರನ್ನ ಡಬ್ಬಿಗಳಲ್ಲಿ ಕಲ್ಲಾಗಿದ್ದವು.

ಚಿಂತಾಮಣಿಯ ಚಾಲಕ

ಮೊಸರನ್ನ ಬೇಡವೇ ಬೇಡ. ನೀರಿನಂಶ ಇರುವ ಯಾವುದೂ ಉಳಿಯುವುದಿಲ್ಲ. ಒಗ್ಗರಣೆ ಹಾಕಿ ಹುರಿದ ಅವಲಕ್ಕಿ, ಚಕ್ಕುಲಿ, ಶೇಂಗಾ ಚಿಕ್ಕಿ, ಕೊಬ್ಬರಿ, ಒಣದ್ರಾಕ್ಷಿ. ಚಪಾತಿ ಮಾಡಿದರೆ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಚಟ್ನಿಪುಡಿ ಜೊತೆಗಿಟ್ಟು, ಕೂತವರ ಕಾಲಿನ ಬಳಿ ಇಡಿ. ನೀರಿನ ಬಾಟಲಿ ಬೇಡ, ಬಿಸಿನೀರು ತುಂಬಿದ ಥರ್ಮಾಸ್ ಇರಲಿ. ಮುಂಗಾಜು ತೊಳೆಯುವ ಡಬ್ಬಿಗೆ ಊರಿನ ಅಭ್ಯಾಸದಂತೆ ಬರಿಯ ನೀರು ತುಂಬಬೇಡಿ, ಹೆಪ್ಪುಗಟ್ಟದ ದ್ರವವನ್ನೇ ಹಾಕಿ. ಉಪ್ಪಿನ ಕೆಸರು ಗಾಜಿಗೆ ಚಿಮ್ಮುತ್ತಲೇ ಇರುತ್ತದೆ, ಆ ದ್ರವವಿಲ್ಲದೆ ಹತ್ತು ಮೈಲಿಯೂ ಹೋಗಲಾಗದು.

ಔಷಧದಂಗಡಿ

ಸಕ್ಕರೆ ಕಾಯಿಲೆ ಇರುವವರಿಗೆ ಚಿಕ್ಕಿ ಸಾಲದು, ಶೇಂಗಾದ ಕೊಬ್ಬಿನಿಂದ ಅದರ ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ; ಗ್ಲೂಕೋಸ್ ಮಾತ್ರೆ ಅಥವಾ ಬರಿಯ ಸಕ್ಕರೆ ಮಿಠಾಯಿ ಒಂದು ಪಕ್ಕದಲ್ಲಿ ಬೇರೆಯಾಗಿಯೇ ಇರಲಿ. ಊಟ ತಪ್ಪಿ ಸಕ್ಕರೆ ಇಳಿದಾಗ ಅದೇ ಬೇಕಾಗುತ್ತದೆ. ಮಕ್ಕಳು ಮೊದಲ ಗಂಟೆಯಲ್ಲೇ ಮುಗಿಸದಂತೆ ನೋಡಿಕೊಳ್ಳಿ.

ಹೂನಗರದ ಹಿರಿಯ

ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ: ರೈಲು. ಷಿಕಾಗೋದಿಂದ ನ್ಯೂಯಾರ್ಕಿಗೆ ಹೋಗುವ ಆಮ್‌ಟ್ರ್ಯಾಕ್‌ನ ಲೇಕ್ ಶೋರ್ ಲಿಮಿಟೆಡ್ ಕ್ಲೀವ್‌ಲ್ಯಾಂಡ್‌ನಲ್ಲೂ ನಿಲ್ಲುತ್ತದೆ, ರಾಚೆಸ್ಟರ್‌ನಲ್ಲೂ ನಿಲ್ಲುತ್ತದೆ. ಕ್ಲೀವ್‌ಲ್ಯಾಂಡ್‌ಗೆ ಅದು ಬರುವುದು ಬೆಳಗಿನ ಜಾವ, ಮರಳಿ ಬರುವಾಗ ನಡುರಾತ್ರಿ ಕಳೆದ ಮೇಲೆ. ತಡವಾಗುತ್ತದೆ, ದೊಡ್ಡ ಬಿರುಗಾಳಿಯಲ್ಲಿ ಅದೂ ನಿಲ್ಲುತ್ತದೆ. ಆದರೂ ಶೌಚಾಲಯವಿದೆ, ಕಾಲು ಚಾಚಬಹುದು, ಯಾರೂ ಸ್ಟೇರಿಂಗ್ ಹಿಡಿಯಬೇಕಾಗಿಲ್ಲ.

ಸಾಗರದವ

ಅಪ್ಪನಿಗೆ ರೈಲಿನ ವಿಚಾರ ಬಹಳ ಹಿಡಿಸಿತು. ಅಷ್ಟು ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ ನಿಲ್ದಾಣಕ್ಕೆ ಕರೆದೊಯ್ಯುವವರು ಯಾರು ಎಂದು ಹೆಂಡತಿ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ನನ್ನ ಮನಸ್ಸು ಇನ್ನೂ ಐ-90ರ ಕಡೆಗೇ ಇದೆ, ಆದರೆ 24ಕ್ಕೋ 27ಕ್ಕೋ ಎಂಬುದನ್ನು ಹಿಂದಿನ ಸಂಜೆಯವರೆಗೂ ತೆರೆದಿಡುತ್ತೇನೆ, ಚಳಿಗಾಲದ ಟೈರನ್ನೂ ಹಾಕಿಸುತ್ತೇನೆ. ಈ ನಡುವೆ ರಾಚೆಸ್ಟರ್‌ನಿಂದ ನನ್ನ ಷಡ್ಡಕ ಫೋನು ಮಾಡಿ, "ವಯಸ್ಸಾದವರನ್ನು ಏಕೆ ಓಡಾಡಿಸುತ್ತೀರಿ, ಈ ಸಲ ನಾವೇ ಬರುತ್ತೇವೆ" ಎಂದು ಹೇಳಿದ್ದಾನೆ. ಮನೆಯವರೆಲ್ಲ ಅದಕ್ಕೆ ಒಪ್ಪಿದ್ದಾರೆ.

ಬಫಲೋ ಅಕ್ಕ

ಅವರು ಬರುವುದೂ ನಮ್ಮ ಊರಿನ ಮೇಲೆಯೇ ತಾನೇ?

ಟೈರುಪ್ರಿಯ

ಅವರ ಕಾರಿಗೆ ಯಾವ ಟೈರು ಇದೆ ಎಂದು ಕೇಳಿದಿರಾ?

ಸಾಗರದವ

ಕೇಳಿದೆ. ಆಲ್ ಸೀಸನ್. ಆದರೆ ಆಲ್ ವೀಲ್ ಡ್ರೈವ್ ಇದೆಯಂತೆ.